ಹಿಲ್ಡಜ್ಜಿಯ ಸತುವಿನ ನಾಣ್ಯ

ನೆದರ್ಲೆಂಡಿನ ವೆಲ್ಡ್‌ಹೋವನ್ನಿನಲ್ಲಿ ಎಂಜಿನಿಯರಾಗಿದ್ದ ಗದಗಿನ ಮಹಾಂತಪ್ಪನಿಗೆ ರಾಜರ ಮುಖವಿದ್ದ ನಾಣ್ಯಗಳು ಬೇಕಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ತಾಮ್ರವೆಲ್ಲ ತೋಪು ಬಂದೂಕಿಗೆ ಹೋಗಿ ಚಿಲ್ಲರೆಗೆ ಬರ ಬಂದಾಗ, ಅಲ್ಲಿನ ಸಾಬೂನಿನವರು, ಗಿರಣಿಯವರು, ಚರ್ಮ ಹದಮಾಡುವವರು ತಮ್ಮ ಆಳುಗಳಿಗಾಗಿ ತಾವೇ ಸತುವಿನಲ್ಲಿ, ಕಬ್ಬಿಣದಲ್ಲಿ ನಾಣ್ಯ ಹೊಡೆಸಿದ್ದರು. ಅವನು ಕೂಡಿಡುತ್ತಿದ್ದುದು ಅವನ್ನೇ. ಭಾನುವಾರ ಬಂತೆಂದರೆ ಹಳೆ ಸಾಮಾನಿನ ಸಂತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಡಬ್ಬಿ ಕೆದಕುತ್ತಿದ್ದ.

"ಈ ಸಾಬೂನಿನವ, ಚರ್ಮದವ, ಎಲ್ಲಾರೂ ನಿಮಗ ಬೀಗರೇನ್ರಿ?" ಎಂದು ಹೆಂಡತಿ ಗುರುಬಸವ್ವ ಕಾಡುತ್ತಿದ್ದಳು.

"ಬೀಗರಾದ್ರ ಹೋಳಿಗಿ ಮಾಡಬೇಕು. ಇವ್ರು ಡಬ್ಬ್ಯಾಗ ಸುಮ್ಮನ ಇರ್ತಾರ."

ಪಕ್ಕದ ಮನೆಯ ಹಿಲ್ಡಜ್ಜಿ ಹುಟ್ಟಿದ್ದು ಗಡಿಯಾಚೆಯ ಜರ್ಮನಿಯಲ್ಲಿ. ಡಚ್ಚನನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಹೋಗಿದ್ದ, ಈಚೆಗೆ ಕಣ್ಣೂ ಹೋಗಿತ್ತು. ಅವಳ ಅಪ್ಪ ಸಣ್ಣದೊಂದು ಸೂಜಿ ಕಾರ್ಖಾನೆ ನಡೆಸಿದ್ದ. ಅವನು ಹೊಡೆಸಿದ ಸತುವಿನ ನಾಣ್ಯವೊಂದು ಸದಾ ಅವಳ ಸ್ವೆಟರಿನ ಜೇಬಿನಲ್ಲಿರುತ್ತಿತ್ತು. ಎರಡನೆಯ ಯುದ್ಧದ ಬಾಂಬಿಗೆ ಮನೆ, ಫೋಟೋ, ಅಪ್ಪನ ಗೋರಿ ಎಲ್ಲ ಮಣ್ಣುಪಾಲಾಗಿ ಉಳಿದದ್ದು ಅದೊಂದೇ. ಮಾತಾಡುತ್ತಲೇ ಅವಳು ಅದರ ಮೇಲಿನ ಅಪ್ಪನ ಹೆಸರನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು.

ನಾಣ್ಯ ಕೂಡಿಡುವವರ ಕೂಟದಲ್ಲಿ ಅಂಥದನ್ನು ಯಾರೂ ಕಂಡಿರಲಿಲ್ಲ. ಫೋಟೋ ತೆಗೆಸಿ ತರುತ್ತೇನೆಂದು ಮಹಾಂತಪ್ಪ ಕೇಳಿಕೊಂಡ. ಹಿಲ್ಡಜ್ಜಿ ಇನ್ನೊಮ್ಮೆ ಅದನ್ನು ಸವರಿ, "ಶನಿವಾರ ಮರಳಿ ತಾ" ಎಂದು ಕೊಟ್ಟಳು.

ಆ ಶನಿವಾರಕ್ಕೆ ಮೊದಲೇ ದೀಪಾವಳಿ ಅಮಾವಾಸ್ಯೆ ಬಂತು. ೧೯೯೮ರದು. ಸಂಜೆ ಅವನು ಕೆಲಸದಿಂದ ಬಂದಾಗ ಲಕ್ಷ್ಮಿಯ ಮುಂದಿನ ತಟ್ಟೆಯಲ್ಲಿ ಬೆಳ್ಳಗಿನ ಬಿಲ್ಲೆಯೊಂದು ಕುಂಕುಮ ಹಚ್ಚಿಕೊಂಡು ಕೂತಿತ್ತು. ಅಕ್ಷರವೇ ಇರಲಿಲ್ಲ.

"ರೊಕ್ಕ ಅಂದ್ರ ಲಕ್ಷ್ಮೀನ ಅಲ್ಲೇನ್ರಿ. ಅಷ್ಟು ಕರ್ರಗಿದ್ದದ್ದು ಹೆಂಗ ಇಡೂದು? ರಾತ್ರೀನ ತಾಮ್ರದ ತಂಬಿಗಿ ಜೋಡಿ ಹುಣಸೀಹಣ್ಣಿನಾಗ ನೆನಿಸಿಟ್ಟು, ಮುಂಜಾನೆ ತಿಕ್ಕಿದೆ" ಎಂದಳು ಗುರುಬಸವ್ವ.

ತಾಮ್ರವನ್ನು ಬೆಳಗುವ ಹುಳಿ ಸವೆದ ಸತುವನ್ನು ತಿಂದುಬಿಟ್ಟಿತ್ತು. ಅವಳನ್ನು ಬಯ್ಯುವಂತೆಯೂ ಇರಲಿಲ್ಲ. ದೇವರ ಜಗಲಿಯ ಮೇಲೆ ಜೋಪಾನಕ್ಕೆಂದು ಅದನ್ನಿಟ್ಟವನು ತಾನೇ. ಅದು ಯಾರದೆಂದೂ ಹೇಳಿರಲಿಲ್ಲ, ಫೋಟೋವನ್ನೂ ಇನ್ನೂ ತೆಗೆಸಿರಲಿಲ್ಲ.

ಶನಿವಾರ ಇಬ್ಬರೂ ಹೋದರು. ಹಿಲ್ಡಜ್ಜಿ ಬಾಗಿಲಲ್ಲೇ ಕೈಚಾಚಿದಳು. ಹೆಬ್ಬೆರಳು ನಾಣ್ಯದ ಮೇಲೆ ಒಂದು ಸುತ್ತು ಬಂತು. ಮಗುಚಿ ಹಾಕಿ ಇನ್ನೊಂದು ಸುತ್ತು. ಆಮೇಲೆ ಬೆರಳನ್ನು ಬಾಯಿಯ ಹಬೆಯಿಂದ ಬೆಚ್ಚಗೆ ಮಾಡಿಕೊಂಡು ಮತ್ತೆ ಸವರಿದಳು.

"ಬೆರಳೂ ಸತ್ತುಹೋಯಿತಲ್ಲ" ಎಂದಳು ಮೆಲ್ಲಗೆ. "ಕಣ್ಣು ಹೋದಾಗ ನಾನು ಇಷ್ಟು ಹೆದರಿರಲಿಲ್ಲ."

ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮಹಾಂತಪ್ಪನಿಗೆ ಆಗಲಿಲ್ಲ. ತನ್ನ ಅರೆಬರೆ ಡಚ್ಚಿನಲ್ಲಿ, "ನಿಮ್ಮ ಬೆರಳು ಚೆನ್ನಾಗಿಯೇ ಇದೆ. ಹೆಸರು ಅಳಿಸಿಹೋಗಿದೆ. ದೇವರ ಮುಂದಿಡಲು ನಾವೇ ತೊಳೆದುಬಿಟ್ಟೆವು" ಎಂದ.

ಗುರುಬಸವ್ವನಿಗೆ ಭಾಷೆ ತಿಳಿಯದು. ಅವಳು ಬಗ್ಗಿ ಅಜ್ಜಿಯ ಪಾದ ಮುಟ್ಟಿದಳು. ಹಿಲ್ಡಜ್ಜಿ ಬೆಚ್ಚಿ ಕಾಲು ಹಿಂದೆಗೆದುಕೊಂಡಳು. ಕಾಫಿ ಮಾಡುತ್ತೇನೆಂದು ಒಳಗೆ ಹೋದವಳು ನಾಣ್ಯವನ್ನು ಕಿಟಕಿಯ ಹೂಕುಂಡದ ಪಕ್ಕ ಇಟ್ಟಳು. ಮತ್ತೆಂದೂ ಅದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಮಹಾಂತಪ್ಪ ಸಂತೆಗಳಲ್ಲಿ ಹುಡುಕಿದ್ದು ಆ ಸೂಜಿಯವನ ಇನ್ನೊಂದು ನಾಣ್ಯವನ್ನೇ. ಸಿಗಲಿಲ್ಲ. ಬರಿಗೈಯಲ್ಲಿ ಬಂದು ಅಜ್ಜಿಯ ಎದುರು ಕೂರುತ್ತಿದ್ದ. ಅವಳು ಮಾತಾಡುತ್ತಿದ್ದಳು, ಹೆಬ್ಬೆರಳು ಮಾತ್ರ ತೋರುಬೆರಳಿನ ಮೇಲೆ ಏನೂ ಇಲ್ಲದ್ದನ್ನು ಸವರುತ್ತಲೇ ಇರುತ್ತಿತ್ತು.