ಐದನೆಯ ಚುಟಿಗೆ

ನಾನು ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವವನು. ಮಸ್ಕಿ ಕಡೆಯ ಹಳೆಯ ಮನೆಗಳಲ್ಲಿ ಮೀಟರ್ ಒಳಗಿರುತ್ತದೆ, ಆದ್ದರಿಂದ ಒಳಗೆ ಹೋಗಲೇಬೇಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸಂತೆಕಲ್ಲೂರಿನ ಆ ಮನೆಯ ಅಂಗಳದಲ್ಲಿ ಹಾಸಿಗೆಯ ಒದ್ದೆ ಕೌದಿ ಒಣಗುತ್ತಿತ್ತು. ಒಳಗೆ ಆರು ವರ್ಷದ ಹುಡುಗಿಯೊಬ್ಬಳು ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಅವಳ ಅಜ್ಜಿ ಒಲೆಯಲ್ಲಿ ಕಬ್ಬಿಣದ ಸಳಿ ಕಾಯಿಸುತ್ತಿದ್ದಳು. ಯಾರೂ ಅಳುತ್ತಿರಲಿಲ್ಲ.

“ಹಾಸಿಗ್ಯಾಗ ಉಚ್ಚಿ ಹೊಯ್ಕೊಂತಾಳ ತಮ್ಮಾ. ಹೊಟ್ಟಿ ಮ್ಯಾಲ ಒಂದು ಚುಟಿಗಿ ಹಾಕಿದ್ರ ನಿಲ್ತೈತಿ,” ಎಂದಳು ಅಜ್ಜಿ, ಸಾರಿಗೆ ಉಪ್ಪು ಹಾಕುವಷ್ಟೇ ಸಮಾಧಾನವಾಗಿ. ಚುಟಿಗೆ ಅಂದರೆ ಸುಟ್ಟು ಬರೆ ಹಾಕುವುದು.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. “ಅಣ್ಣಾ, ನಿನಗೂ ಹಾಕ್ಯಾರೇನು?”

ಇವಳಿಗೆ ಹೇಗೆ ಗೊತ್ತಾಯಿತೆಂದು ಬೆಚ್ಚಿದೆ. ಆಮೇಲೆ ನೋಡಿಕೊಂಡರೆ, ನನಗೆ ತಿಳಿಯದಂತೆ ನನ್ನ ಕೈ ಹೊಟ್ಟೆಯನ್ನು ಮುಚ್ಚಿಕೊಂಡಿತ್ತು. ಅಂಗಿ ಎತ್ತಿ ಅಜ್ಜಿಗೆ ತೋರಿಸಿದೆ.

“ನಾಲ್ಕು ಹಾಕ್ಯಾರ ನೋಡಬೇ ಯಮ್ಮಾ. ಆದ್ರೂ ಸಾಲ್ಯಾಗ ಹತ್ತನೇತ್ತಾ ಮುಗಿಯೋ ತನಕ ನಮ್ಮವ್ವ ದಿನಾ ಕೌದಿ ಒಗದಾಳ. ಆಮ್ಯಾಲ ತಾನಾ ನಿಂತ್ತು. ಹಾಕಿಸಿದ ನಮ್ಮಪ್ಪನ ಕೂಡ ಇನ್ನೂ ನಾ ಸರಿ ಮಾತಾಡಂಗಿಲ್ಲ.”

ಅಜ್ಜಿ ಬಹಳ ಹೊತ್ತು ಆ ಕಲೆಗಳನ್ನು ನೋಡಿದಳು. ಕೊನೆಗೆ ಸಳಿಯನ್ನು ಬಕೆಟ್ಟಿನ ನೀರಿಗೆ ಅದ್ದಿದಳು. ಅದು ಚುಂಯ್ ಎಂದಿತು.

ಮುಂದಿನ ತಿಂಗಳು ಹೋದಾಗಲೂ ಕೌದಿ ಒದ್ದೆಯಿತ್ತು. ಹುಡುಗಿ ನಗುತ್ತ ಕುಂಟೆಬಿಲ್ಲೆ ಆಡುತ್ತಿದ್ದಳು. ಒಳಗಿನಿಂದ ಅಜ್ಜಿ ಕೂಗಿದಳು: “ಇನ್ನೂ ನಿಂತಿಲ್ಲ ನೋಡಲೇ! ತಾನಾ ನಿಲ್ತೈತಿ ಅಂದ ನಿನ್ನ ಮಾತು ಸುಳ್ಳಾದ್ರ ಐದನೇದು ನಿನಗ ಹಾಕ್ತೀನಿ. ಸಳಿ ತೆಗದಿಟ್ಟೀನಿ.”

ಈಗ ಅಜ್ಜಿ ನಗುತ್ತಾಳೆಂದು ಕಾದೆ. ನಗಲಿಲ್ಲ. ಅಂದಿನಿಂದ ಆ ಮನೆಯ ಮೀಟರನ್ನು ಬಾಗಿಲಲ್ಲೇ ನಿಂತು, ಕತ್ತು ಉದ್ದ ಮಾಡಿ ಓದುತ್ತೇನೆ.