ಅಪ್ಪನ ಕ್ಯಾಮೆರಾ, ಅಮ್ಮನ ಕೊಡೆ

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳನ್ನು ರಿಪೇರಿ ಮಾಡಿಕೊಂಡೇ ನನ್ನ ತಲೆ ನರೆತಿದೆ. ಯಾವುದು ಬಿಗಿಯಾದರೂ ಮೊದಲು ಎಣ್ಣೆ ಬಿಡುತ್ತೇನೆ, ಯೋಚನೆ ಮಾಡುವುದು ಆಮೇಲೆ. ಅಪ್ಪ ಬಿಟ್ಟುಹೋದ ಹಳೆಯ ರೀಲ್ ಕ್ಯಾಮೆರಾಕ್ಕೂ ಅದನ್ನೇ ಮಾಡಿದೆ.

ಎದೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡುವ ಕ್ಯಾಮೆರಾ ಅದು. ಅಪ್ಪ ಅದರಲ್ಲಿ ನಮ್ಮ ಅಂಗಳದಲ್ಲೇ ಫೋಟೋ ತೆಗೆಯುತ್ತಿದ್ದರು. ಮಾಗಡಿ, ಕನಕಪುರದ ಕಡೆಯಿಂದೆಲ್ಲ ಹೊಸ ಜೋಡಿಗಳು ಬರುತ್ತಿದ್ದವು. ಲೆನ್ಸಿಗೆ ಬಿಸಿಲು ಹೊಡೆಯದಂತೆ ಅಮ್ಮ ಪಕ್ಕದಲ್ಲಿ ಕರಿ ಕೊಡೆ ಹಿಡಿದು ನಿಲ್ಲುತ್ತಿದ್ದಳು. ಊರಿಗೆಲ್ಲ ಫೋಟೋ ತೆಗೆದ ಮನುಷ್ಯ ಹೆಂಡತಿಯದು ಒಂದೂ ತೆಗೆಯಲಿಲ್ಲ. ಅಮ್ಮ ಕೇಳಿದರೆ, "ನೀನು ಅತ್ಲಾಗೆ ಹೋಗಿ ನಿಂತ್ರೆ ಕೊಡೆ ಯಾರೇ ಹಿಡೀತಾರೆ?" ಅನ್ನುತ್ತಿದ್ದರು. ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಹೋದ ವರ್ಷ ಅಮ್ಮ ತಾನಾಗಿಯೇ ಕೇಳಿದಳು. "ಮೊಬೈಲಲ್ಲಿ ಬ್ಯಾಡ ಕಣಪ್ಪಾ. ನಿಮ್ಮಪ್ಪನ ಕ್ಯಾಮೆರಾದಾಗೆ ನಂದೊಂದು ತೆಗಿ. ಅವರ ಫೋಟೋ ಪಕ್ಕ ಹಾಕವ. ಅದೊಂದು ಆಸೆ ಉಳ್ದೈತೆ."

ಷಟರ್ ಸಿಕ್ಕಿಕೊಂಡಿತ್ತು. ಯಂತ್ರಕ್ಕೆ ಬಿಡುವ ಎಣ್ಣೆಯನ್ನೇ ನಾಲ್ಕು ಹನಿ ಬಿಟ್ಟೆ. ಟಕ್ ಅಂತು! ನಾನು ಹಿಗ್ಗಿ ಹೀರೇಕಾಯಿಯಾದೆ. ಅಮ್ಮ ಪೆಟ್ಟಿಗೆಯ ತಳದಿಂದ ಧಾರೆ ಸೀರೆ ತೆಗೆದು ಉಟ್ಟಳು. ಒಂದು ರೀಲಿನ ಹನ್ನೆರಡು ಫೋಟೋನೂ ಅಮ್ಮನದೇ ತೆಗೆದೆ. ರೀಲು ಬೆಂಗಳೂರಿಗೆ ಹೋಗಿ ತೊಳೆಸಿಕೊಂಡು ಬಂದರೆ ಹನ್ನೆರಡೂ ಹಾಳು. ಸೀರೆಯ ಅಂಚು ಅಷ್ಟಿಷ್ಟು ಕಾಣುತ್ತಿತ್ತು, ಮುಖವಿದ್ದ ಕಡೆ ಬರೀ ಬಿಳಿ.

"ಹೋಗ್ಲಿ ಬುಡಪ್ಪಾ, ನಂಗೆ ಆ ಯೋಗ ಇಲ್ಲ," ಅಂದು ಸೀರೆ ಮಡಿಸಿ ಪೆಟ್ಟಿಗೆಗಿಟ್ಟಳು. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಮಾರನೆಯ ಬೆಳಿಗ್ಗೆಯೇ ಚನ್ನಪಟ್ಟಣದ ಬಸ್ಸು ಹತ್ತಿದೆ. ಅಲ್ಲಿ ಮರದ ಬೊಂಬೆ ಮಾಡುವ ಚಾಚಾ ಒಬ್ಬರಿದ್ದಾರೆ, ಅಪ್ಪನ ಹಳೆಯ ಗೆಳೆಯರು. ಅಪ್ಪ ಈ ಕ್ಯಾಮೆರಾ ಬಿಚ್ಚಿ ಜೋಡಿಸುತ್ತಿದ್ದುದೆಲ್ಲ ಅವರ ಎದುರಿಗೇ. ಚಾಚಾ ಲೆನ್ಸ್ ಬಿಚ್ಚಿ ಮೂಸಿ ನೋಡಿದರು.

"ಎಣ್ಣೆ ಬುಟ್ಟಿದ್ದೀಯ?"

"ಒಸಿ, ಚಾಚಾ."

"ಒಸಿ ಅಂತೆ ಒಸಿ! ಇದೇನು ನಿನ್ನ ರೇಷ್ಮೆ ಮಿಷಿನ್ನಾ? ತೆಳ್ಳನೆ ತಗಡು ಕಣಯ್ಯಾ. ಎಣ್ಣೆ ಬಿದ್ರೆ ಅಂಟ್ಕೊಂತವೆ, ಮುಚ್ಚೋದು ತಡ ಆಯ್ತದೆ, ಬೆಳಕು ಜಾಸ್ತಿ ನುಗ್ತದೆ. ನಿಮ್ಮಪ್ಪ ಇದ್ದಿದ್ರೆ ನಿನ್ನ ಚರ್ಮ ಸುಲೀತಿದ್ದ."

ಬೈದುಕೊಂಡೇ ಕೆಲಸಕ್ಕೆ ಕೂತರು. ಕಡ್ಡಿಗೆ ಹತ್ತಿ ಸುತ್ತಿ, ಪೆಟ್ರೋಲಿನಲ್ಲಿ ಅದ್ದಿ, ಆ ತಗಡುಗಳನ್ನು ಒರೆಸಿ ಒಣಗಿಸಿ ಮತ್ತೆ ಒರೆಸಿದರು. ನನಗೆ ಮುಟ್ಟಲೂ ಬಿಡಲಿಲ್ಲ. ರೀಲು ತಿರುಗಿಸುವ ಗುಂಡಿ ಬಿರುಕು ಬಿಟ್ಟಿತ್ತು. ಹಾಲೆಮರದ ತುಂಡೊಂದನ್ನು ಲೇತಿಗೆ ಕೊಟ್ಟು ಹೊಸದು ಮಾಡಿ, ಬೊಂಬೆಗೆ ಹಾಕುವ ಕೆಂಪು ಅರಗನ್ನೇ ಹಚ್ಚಿದರು. ಕರಿ ಕ್ಯಾಮೆರಾಕ್ಕೆ ಕೆಂಪು ಗುಂಡಿ! ನನಗಂತೂ ಬಲು ಹಿಡಿಸಿತು.

ನಾನು ಮೂರು ದಿನ ಕಾಡಿದ ಮೇಲೆ ಅಮ್ಮ ಮತ್ತೆ ಸೀರೆ ಉಟ್ಟಳು. ಅಂಗಳದಲ್ಲಿ ಎಳೆಬಿಸಿಲಿತ್ತು. ತಲೆ ಬಗ್ಗಿಸಿ ನೋಡುತ್ತೇನೆ, ಗಾಜಿನಲ್ಲಿ ಖಾಲಿ ಕುರ್ಚಿ. ಅಮ್ಮ ಕೊಡೆ ಬಿಚ್ಚಿಕೊಂಡು ನನ್ನ ಪಕ್ಕ ಬಂದು ನಿಂತಿದ್ದಾಳೆ!

"ಅಯ್ಯೋ ಅಮ್ಮಾ, ನೀನು ಮುಂದೆ ಹೋಗಿ ಕೂತ್ಕೊ!"

"ಬಿಸಿಲು ಹೊಡೀತದೆ ಕಣೋ."

ಕೊಡೆ ಕಿತ್ತು ಮೂಲೆಗಿಟ್ಟು ಕೂರಿಸಿದೆ.

ಈ ಸಲ ಫೋಟೋ ಬಂತು. ಅಮ್ಮನ ಮುಖದ ಒಂದೊಂದು ಗೆರೆಯೂ ನಿಚ್ಚಳ, ತುಟಿಯಲ್ಲಿ ಹುಸಿನಗು. ಹೆಗಲ ಮೇಲೆ ಮಾತ್ರ ಬಿಸಿಲಿನದೊಂದು ಬಿಳಿ ಮಚ್ಚೆ. ಖುಷಿಗೆ ನನ್ನ ಕಣ್ಣು ತುಂಬಿತು. ಅಮ್ಮ ಫೋಟೋವನ್ನು ದೂರ ಹಿಡಿದು ನೋಡಿ, ಆ ಮಚ್ಚೆಯನ್ನು ಬೆರಳಿನಿಂದ ಉಜ್ಜಿದಳು.

"ನೋಡು, ಬಿಸಿಲು ಬಿದ್ಬುಟ್ಟೈತೆ. ನಾ ಕೊಡೆ ಹಿಡ್ದಿದ್ರೆ ಬೀಳ್ತಿರಲಿಲ್ಲ."

ಮೊಳೆ, ಸುತ್ತಿಗೆ ಹಿಡಿದು ಅಪ್ಪನ ಫೋಟೋದ ಪಕ್ಕ ನಿಂತೆ. ಅಮ್ಮ ಬೇಡವೆಂದು ತಲೆಯಾಡಿಸಿದಳು.

"ಪಕ್ಕ ಬ್ಯಾಡ, ಎದುರು ಗೋಡೆಗೆ ಹೊಡಿ. ಅವರೂ ನೋಡ್ಲಿ."