ನಲವತ್ತು ತುಂಬುವ ಮುನ್ನ

ಮೇಸ್ತ್ರಿ ವಿಮಾನ ಓಡಿಸುತ್ತಾನೆ ಎಂದರೆ ಸಿದ್ಧ ಉಡುಪಿನ ಕಾರ್ಖಾನೆಗೆ ಹೊಸದಾಗಿ ಸೇರಿದವರು ಯಾರೂ ನಂಬುತ್ತಿರಲಿಲ್ಲ. ನಂಬುವ ಹಾಗೂ ಇರಲಿಲ್ಲ. ಮೊಣಕೈವರೆಗೆ ಎಣ್ಣೆಯ ಕಲೆ, ಕಿವಿಯ ಸಂದಿಯಲ್ಲಿ ಸಿಕ್ಕಿಸಿಕೊಂಡ ಸ್ಕ್ರೂಡ್ರೈವರು, ಹೊಲಿಗೆ ಯಂತ್ರದ ಕೆಳಗೆ ಅಂಗಾತ ಮಲಗಿ ಕಾಲು ಮಾತ್ರ ಹೊರಗೆ ಚಾಚಿದ ಮನುಷ್ಯ. ಅವನು ಭಾನುವಾರ ಬೆಳಗ್ಗೆ ಮೋಡದ ಸಮಕ್ಕೆ ಹೋಗಿ ಬರುತ್ತಾನೆ ಎಂದು ಯಾರು ತಾನೇ ಒಪ್ಪಿಯಾರು? ಕಾಲರ್ ಹೊಲಿಯುವ ಸಾಲಿನ ಹೆಂಗಸರು ಮಾತ್ರ ಅವನನ್ನು ಬಿಡುತ್ತಿರಲಿಲ್ಲ. "ಮೇಸ್ತ್ರಿ, ಮೇಲಿಂದ ನೋಡುವಾಗ ನಮ್ಮ ತಾರಸಿ ಕಡೆ ಮಳೆ ಬರೋದು ಕಂಡ್ರೆ ಒಂದು ಕೂಗು ಹಾಕಿ, ಬಟ್ಟೆ ಒಳಗೆ ತಗೋತೀವಿ" ಎನ್ನುತ್ತಿದ್ದರು. ಅವನು ಯಂತ್ರದ ಕೆಳಗಿಂದಲೇ, ಕೂಗಿದರೆ ನಿಮ್ಮ ಬಟ್ಟೆ ಒಳಗೆ ಹೋಗುವುದಿಲ್ಲ, ನೀವೇ ಹೊರಗೆ ಬಂದು ನಿಂತುಕೊಳ್ಳುತ್ತೀರಿ ಎನ್ನುತ್ತಿದ್ದ.

ಊರಾಚೆಯ ಸಣ್ಣ ಹಾರಾಟದ ಕ್ಲಬ್ಬಿಗೆ ಅವನು ಮೊದಲು ಹೋದದ್ದು ವಿಮಾನದ ಸೀಟಿನ ಹರಿದ ಹೊದಿಕೆ ಹೊಲಿಯಲಿಕ್ಕೆ. ಮಾಡಿದ ಕೆಲಸಕ್ಕೆ ಪ್ರತಿಯಾಗಿ ಹಾರುವುದನ್ನು ಕಲಿಸುತ್ತೇವೆ ಎಂದರು. ಆಗ ಹುಡುಗಾಟದ ವಯಸ್ಸು, ಹೂಂ ಎಂದ. ಶೆಡ್ಡಿನ ಬಾಗಿಲಿಗೆ ಗ್ರೀಸ್ ಹಚ್ಚಿ, ನೆಲ ಗುಡಿಸಿ, ಹೊದಿಕೆ ಹೊಲಿದು, ವರ್ಷಗಳ ಮೇಲೆ ವರ್ಷ ಕಾದು ಖಾಸಗಿ ಪೈಲಟ್ ಲೈಸೆನ್ಸ್ ಪಡೆದ. ಆ ಲೈಸೆನ್ಸಿನಿಂದ ಒಂದು ಕಾಸೂ ದುಡಿಯುವಂತಿಲ್ಲ; ತನ್ನ ಖುಷಿಗೆ ಹಾರಬಹುದು, ಅಷ್ಟೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಅದನ್ನು ಅವನ ಎರಡನೇ ಸಂಸಾರ ಎಂದು ಹಂಗಿಸುತ್ತಿದ್ದಳು. ಮೊದಲನೆಯ ಸಂಸಾರವೇ ನಿಲ್ಲಲಿಲ್ಲ. ಅವಳು ಮಗಳನ್ನು ಕರೆದುಕೊಂಡು ಕೊಲ್ಲಿಯಾಚೆ ತನ್ನ ತಾಯಿಯ ಊರಿಗೆ ಹೋದಳು. ಜಗಳವಾಡಿ ಹೋದದ್ದಲ್ಲ, ಮಾತೇ ನಿಂತುಹೋಗಿ ಹೋದದ್ದು. ಮಗಳನ್ನು ಭಾನುವಾರ ನೋಡಬಹುದು ಎಂದು ಇಬ್ಬರೂ ಒಪ್ಪಿಕೊಂಡರು.

ಒಪ್ಪುವುದು ಸುಲಭವಿತ್ತು. ಕೊಲ್ಲಿಯನ್ನು ಸುತ್ತು ಹಾಕುವ ರಸ್ತೆ ಹೋಗಲಿಕ್ಕೆ ಒಂದು ಹಗಲು, ಬರಲಿಕ್ಕೆ ಇನ್ನೊಂದು ಹಗಲು ತಿನ್ನುತ್ತದೆ. ದಾಟಿಸುವ ಹಡಗು ಶನಿವಾರ ಮಧ್ಯಾಹ್ನ ಹೊರಟರೆ ಮತ್ತೆ ಈ ದಡ ಕಾಣುವುದು ಸೋಮವಾರ ಸಂಜೆ. ಶನಿವಾರ ಕತ್ತಲಾಗುವ ತನಕ ದುಡಿದು ಸೋಮವಾರ ಬೆಳಗ್ಗೆ ಮತ್ತೆ ಯಂತ್ರದ ಕೆಳಗೆ ಮಲಗಬೇಕಾದವನಿಗೆ ಎರಡೂ ಆಗದ ದಾರಿಗಳು. ಶೆಡ್ಡಿನ ಕೆಲಸಕ್ಕೆ ಪ್ರತಿಯಾಗಿ ಭಾನುವಾರ ಸಿಗುವ ಕ್ಲಬ್ಬಿನ ವಿಮಾನದಲ್ಲಾದರೆ ನೀರಿನ ಮೇಲೆ ನೇರ ಒಂದು ಗಂಟೆ. ಆಚೆ ದಡದ ಹಾರಾಟದ ಮೈದಾನಕ್ಕೆ ಅಜ್ಜಿ ಮೊಮ್ಮಗಳನ್ನು ಕರೆತಂದು ಕ್ಯಾಂಟೀನಿನ ನೆರಳಲ್ಲಿ ಕೂತುಕೊಳ್ಳುತ್ತಿದ್ದಳು. ಮಗಳು ತಂತಿ ಬೇಲಿಗೆ ಮುಖ ಒತ್ತಿ ನಿಂತಿರುತ್ತಿದ್ದಳು. ಅವನು ಇಳಿದ ಕೂಡಲೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೈದಾನದ ಮೇಲೆ ಒಂದು ಸುತ್ತು. ಆಮೇಲೆ ಊಟ, ಪಾಠ, ಮಾತು, ಮುನಿಸು. ಹೀಗೆ ಖುಷಿಗೆಂದು ಕಲಿತ ವಿದ್ಯೆಯೇ ಅವನಿಗೆ ಮಗಳ ಬಳಿಗೆ ಉಳಿದ ಏಕೈಕ ದಾರಿಯಾಗಿತ್ತು.

ಈ ದಾರಿ ತೆರೆದಿರಬೇಕಾದರೆ ಲೈಸೆನ್ಸಿನ ಜೊತೆಗೆ ಮೆಡಿಕಲ್ ಸರ್ಟಿಫಿಕೇಟೂ ಬೇಕು. ಅದಿಲ್ಲದ ಪೈಲಟ್ ನೆಲ ಬಿಡುವಂತಿಲ್ಲ. ಅದರ ಆಯುಸ್ಸು ಪೈಲಟ್ಟನ ವಯಸ್ಸನ್ನು ನೋಡಿ ಕುಗ್ಗುತ್ತ ಹೋಗುತ್ತದೆ. ನಲವತ್ತು ತುಂಬುವ ಮೊದಲು ಪರೀಕ್ಷೆಗೆ ಹೋದವನಿಗೆ ಐದು ವರ್ಷ ಸಿಗುತ್ತದೆ; ತುಂಬಿದ ಮಾರನೆಯ ದಿನ ಹೋದರೂ ಎರಡೇ ವರ್ಷ. ಹಾಗಾಗಿ ಕ್ಲಬ್ಬಿನಲ್ಲಿ ಒಂದು ರೂಢಿ ಬೆಳೆದಿತ್ತು. ನಲವತ್ತು ಹತ್ತಿರವಾದವರು, ಕೈಯಲ್ಲಿರುವ ಹಳೆಯ ಸರ್ಟಿಫಿಕೇಟಿನ ಅವಧಿ ಎಷ್ಟೇ ಉಳಿದಿರಲಿ, ಹುಟ್ಟಿದ ದಿನಕ್ಕೆ ಮುಂಚೆ ಓಡಿಹೋಗಿ ಹೊಸದಾಗಿ ಐದು ವರ್ಷ ಬರೆಸಿಕೊಂಡು ಬರುವುದು. ಬಾಗಿಲು ಮುಚ್ಚುವ ಮೊದಲು ನುಗ್ಗುವುದು ಎಂದು ಅದಕ್ಕೆ ಹೆಸರಿಟ್ಟಿದ್ದರು. ನುಗ್ಗಿ ಗೆದ್ದವನು ಎಲ್ಲರಿಗೂ ಕಾಫಿ ಕೊಡಿಸಬೇಕು.

ಮೇಸ್ತ್ರಿಯ ಹಳೆಯ ಸರ್ಟಿಫಿಕೇಟು ಮುಂದಿನ ಬೇಸಿಗೆಯವರೆಗೆ ನಡೆಯುತ್ತಿತ್ತು. ಅವನು ಸುಮ್ಮನಿದ್ದರೂ ಇರುತ್ತಿದ್ದ. ಕ್ಲಬ್ಬಿನ ಶೆಡ್ಡು ನೋಡಿಕೊಳ್ಳುವ ತಾತ ಬಿಡಲಿಲ್ಲ. ತಾತ ಒಂದು ಕಾಲದಲ್ಲಿ ಅಂಚೆ ಕಚೇರಿಯ ಗುಮಾಸ್ತ, ಒಳ್ಳೆಯ ಪೈಲಟ್ಟೂ ಹೌದು. ಈಗ ವಯಸ್ಸಾಗಿ ಸರ್ಟಿಫಿಕೇಟು ಕಳೆದುಕೊಂಡು ಕೀಲಿಗೊಂಚಲು ಹಿಡಿದು ಕೂತಿದ್ದ.

"ನಿಂಗೇನಾಗಿದೆ, ಗುಂಡುಕಲ್ಲು ಇದ್ದ ಹಾಗಿದ್ದೀಯ. ಹುಟ್ಟಿದ ದಿನಕ್ಕೆ ಮುಂಚೆ ಹೋಗಿ ಐದು ವರ್ಷ ತಗೊಂಡು ಬಾ. ಮಗಳು ಕಾಲೇಜು ಮೆಟ್ಟಿಲು ಹತ್ತೋವರೆಗೆ ಡಾಕ್ಟರ್ ಮುಖ ನೋಡೋ ಹಾಗಿಲ್ಲ" ಎಂದ ತಾತ.

ಮಗಳ ಮಾತು ಬಂದದ್ದೇ ತಡ, ಮೇಸ್ತ್ರಿ ಒಪ್ಪಿಬಿಟ್ಟ.

ಹುಟ್ಟಿದ ದಿನಕ್ಕೆ ಮುಂಚಿನ ವಾರ ಕಾರ್ಖಾನೆಯಲ್ಲಿ ದೊಡ್ಡ ಆರ್ಡರು ಹೊರಡಬೇಕಿತ್ತು. ಯಂತ್ರಗಳು ಹಗಲೂ ರಾತ್ರಿ ಓಡಿದವು, ಅವುಗಳ ಹಿಂದೆ ಅವನೂ ಓಡಿದ. ಕೂತಲ್ಲಿ ತೂಕಡಿಸಿ, ಎದ್ದು ಕಾಫಿ ಕುಡಿದು, ಮತ್ತೆ ಕೂತ. ಪರೀಕ್ಷೆಯ ದಿನಾಂಕವನ್ನು ಮುಂದೆ ಹಾಕೋಣವೆಂದರೆ ನಲವತ್ತು ತುಂಬಿಬಿಡುತ್ತದೆ, ಮೂರು ವರ್ಷ ಕೈತಪ್ಪುತ್ತದೆ. ಹಾಗೇ ಮುಖ ತೊಳೆದುಕೊಂಡು, ಇನ್ನೊಂದು ಲೋಟ ಗಟ್ಟಿ ಕಾಫಿ ಹೊಟ್ಟೆಗೆ ಹಾಕಿಕೊಂಡು, ಪೈಲಟ್ಟುಗಳನ್ನು ಪರೀಕ್ಷಿಸುವ ಡಾಕ್ಟರಮ್ಮನ ಮುಂದೆ ಹೋಗಿ ಕೂತ.

ಡಾಕ್ಟರಮ್ಮ ಗಟ್ಟಿ ಮಾತಿನ ಹೆಂಗಸಲ್ಲ. ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು, ಕಿವಿ ನೋಡಿದರು, ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದರು. ಎಲ್ಲವೂ ಸರಾಗ. ಕೊನೆಗೆ ನಾಡಿ ಹಿಡಿದವರು ಬಿಡಲಿಲ್ಲ. ಇನ್ನೊಂದು ಕೈ ಹಿಡಿದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ತುಂಬ ಹೊತ್ತು ಕಣ್ಣು ಮುಚ್ಚಿ ಕೇಳಿದರು. ಒಳಗೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸಿದರು. ಯಂತ್ರದಿಂದ ಹೊರಬಂದ ಉದ್ದನೆಯ ಕಾಗದದ ಗೆರೆಗಳನ್ನು ಅವನೂ ನೋಡಿದ. ಹೊಲಿಗೆಯ ಅಂತರ ತಪ್ಪಿದ ಯಂತ್ರದ ಕೆಳಗಿನ ಬಟ್ಟೆ ಹಾಗೆಯೇ ಇರುತ್ತದೆ: ಎರಡು ಹತ್ತಿರ, ಒಂದು ದೂರ, ಮತ್ತೆ ಮೂರು ಒತ್ತೊತ್ತಾಗಿ.

ಹೃದಯದ ಬಡಿತ ಲಯ ತಪ್ಪಿದೆ ಎಂದು ಡಾಕ್ಟರಮ್ಮ ಹೇಳಿದರು. ನಿದ್ದೆಗೆಟ್ಟದ್ದು, ದಣಿವು, ಕಾಫಿ, ಇದರಿಂದ ಬಂದು ಹೋಗುವಂಥದ್ದೂ ಆಗಿರಬಹುದು, ಹೋಗದೆ ಉಳಿಯುವಂಥದ್ದೂ ಆಗಿರಬಹುದು. ಹೃದಯದ ತಜ್ಞರು ನೋಡಬೇಕು, ವರದಿಗಳು ಮೇಲಿನ ಕಚೇರಿಗೆ ಹೋಗಬೇಕು, ಅವರು ತೀರ್ಮಾನಿಸಬೇಕು. ತಿಂಗಳುಗಳೇ ಹಿಡಿಯುತ್ತವೆ.

"ಹಾಗಾದ್ರೆ ಹೊಸದು ಬೇಡ ಡಾಕ್ಟ್ರೇ. ಹಳೇದು ಬೇಸಿಗೆವರೆಗೂ ಇದೆಯಲ್ಲ, ಅದರಲ್ಲೇ ನಡೆಸ್ತೀನಿ" ಎಂದ ಮೇಸ್ತ್ರಿ.

"ಹಳೇದೂ ಇವತ್ತಿಂದ ಇಲ್ಲಪ್ಪ. ಬಡಿತ ಸರಿಯಿಲ್ಲ ಅಂತ ಗೊತ್ತಾದ ಮೇಲೆ ಅದರ ಮೇಲಿರೋ ತಾರೀಖಿಗೆ ಬೆಲೆ ಇಲ್ಲ. ತಂದು ಒಪ್ಪಿಸಿಬಿಡಿ."

ಅವನು ಶರಟಿನ ಗುಂಡಿಯನ್ನು ಮೇಲಿನ ತೂತಿಗೆ ಹಾಕಿಕೊಂಡು, ಬಿಚ್ಚಿ, ಮತ್ತೆ ತಪ್ಪಾಗಿಯೇ ಹಾಕಿಕೊಂಡ. ಹತ್ತು ದಿನ ಬಿಟ್ಟು, ಚೆನ್ನಾಗಿ ನಿದ್ದೆ ಮಾಡಿ, ಎರಡೇ ವರ್ಷ ಸಾಕು ಎಂದು ಬಂದಿದ್ದರೆ? ಅಥವಾ ಬೇಸಿಗೆಯವರೆಗೆ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ? ಇದನ್ನು ಅವನು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೂ ಡಾಕ್ಟರಮ್ಮ, ಆಗ ಗೊತ್ತಾಗದೇ ಹಾರುತ್ತಿದ್ದಿರಿ, ಅಷ್ಟೆ ಎನ್ನುತ್ತಿದ್ದರೇನೋ.

ಆ ವಾರ ಅವನು ತಟ್ಟದ ಬಾಗಿಲಿಲ್ಲ. ಹೃದಯದ ತಜ್ಞರ ಬಳಿ ಹೋದರೆ ಮುಂದಿನ ತಿಂಗಳ ಕೊನೆಗೆ ಬಾ ಎಂದರು. ಪಕ್ಕದ ಊರಿನ ಇನ್ನೊಬ್ಬ ಪರೀಕ್ಷಕ ಡಾಕ್ಟರಿಗೆ ಫೋನು ಮಾಡಿದರೆ, ಒಮ್ಮೆ ತಡೆಹಿಡಿದವರನ್ನು ನಾವು ಮುಟ್ಟುವಂತಿಲ್ಲ ಎಂದರು. ಕಾರ್ಖಾನೆಯ ಮ್ಯಾನೇಜರನ ಮುಂದೆ ನಿಂತು, ತಿಂಗಳಿಗೆ ಒಂದು ಶನಿವಾರ ಮತ್ತು ಸೋಮವಾರವಾದರೂ ಬಿಡಿ ಸಾರ್, ಹಡಗಿನಲ್ಲಿ ಹೋಗಿ ಬರುತ್ತೇನೆ ಎಂದು ಗೋಗರೆದ. ಮ್ಯಾನೇಜರು ಕೆಟ್ಟವನಲ್ಲ. ನೀನಿಲ್ಲದ ದಿನ ಯಂತ್ರ ನಿಂತರೆ ಒಂದು ಸಾಲಿನ ಅಷ್ಟೂ ಜನ ಕೈಕಟ್ಟಿ ಕೂರುತ್ತಾರೆ, ಮೇಲಿನವರಿಗೆ ನಾನು ಏನು ಹೇಳಲಿ ಎಂದು ತಾನೇ ತಲೆ ಮೇಲೆ ಕೈ ಹೊತ್ತುಕೊಂಡ. ಮಗಳ ತಾಯಿಗೆ ಫೋನು ಮಾಡಿದಾಗ ವಿಷಯ ಹೇಳದೆ, ಮಗಳನ್ನು ಒಮ್ಮೆ ಈ ಕಡೆ ಕರೆತರಲು ಆಗುತ್ತದೆಯೇ ಎಂದು ಸುತ್ತಿ ಬಳಸಿ ಕೇಳಿದ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಭಾನುವಾರವೇ ಹೆಚ್ಚು ಕೆಲಸ. ಅಮ್ಮನಿಗೆ ಮೊಣಕಾಲು ನೋವು, ಹಡಗು ಹತ್ತುವುದಿಲ್ಲ. "ನೀವೇ ಬರ್ತೀರಲ್ಲ, ಅದಕ್ಕೇನಾಯ್ತು ಈಗ?" ಎಂದಳು. ಏನಿಲ್ಲ, ಸುಮ್ಮನೆ ಕೇಳಿದೆ ಎಂದ.

ದಿನಕ್ಕೆ ಹತ್ತು ಸಲ ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿಕೊಳ್ಳುವ ಚಾಳಿ ಅಂಟಿತು. ಕೆಲವು ಸಲ ನಾಡಿ ನೆಟ್ಟಗೆ ನಡೆಯುತ್ತಿತ್ತು. ಆಗ, ಡಾಕ್ಟರಮ್ಮನ ಯಂತ್ರವೇ ಕೆಟ್ಟಿದೆ ಎನಿಸುತ್ತಿತ್ತು. ಇನ್ನು ಕೆಲವು ಸಲ ಮೆಟ್ಟಿಲು ತಪ್ಪಿದ ಕಾಲಿನ ಹಾಗೆ ಒಂದು ಬಡಿತ ಎಲ್ಲೋ ಜಾರಿ, ಆಮೇಲೆ ಧಡ್ ಎಂದು ಬಂದು ಬೀಳುತ್ತಿತ್ತು.

ಹಳೆಯ ಸರ್ಟಿಫಿಕೇಟನ್ನು ಅವನು ಒಪ್ಪಿಸಲಿಲ್ಲ. ಭಾನುವಾರ ಬೆಳಗ್ಗೆ ಅದನ್ನು ಜೇಬಿನಲ್ಲಿಟ್ಟುಕೊಂಡೇ ಕ್ಲಬ್ಬಿಗೆ ಹೋದ. ಮೇಲಿದ್ದ ದಿನಾಂಕ ಇನ್ನೂ ಮುಂದಿನ ಬೇಸಿಗೆಯದು. ಯಾರು ನೋಡಿದರೂ ಸರಿಯಾಗಿಯೇ ಕಾಣುತ್ತಿತ್ತು.

ತಾತ ಅವನನ್ನು ದೂರದಿಂದಲೇ ನೋಡಿ ನಗುತ್ತ ಕೀಲಿ ಎತ್ತಿ ಹಿಡಿದ. "ಏನಪ್ಪ, ಬಾಗಿಲು ಮುಚ್ಚೋ ಮೊದಲು ನುಗ್ಗಿದೆಯಾ? ಕಾಫಿ ಯಾವಾಗ?"

"ಬಂದ ಮೇಲೆ ತಾತ" ಎಂದುಬಿಟ್ಟ ಮೇಸ್ತ್ರಿ. ಬಾಯಿ ತಾನಾಗಿ ಅಂದದ್ದು. ಅಂದ ಮೇಲೆ ತಾತನ ಮುಖ ನೋಡಲು ಆಗಲಿಲ್ಲ. ಕೀಲಿಯನ್ನು ಕಸಿದುಕೊಂಡವನ ಹಾಗೆ ತೆಗೆದುಕೊಂಡು ನಡೆದ.

ಆ ಕಡೆ ಮಗಳು ಹೊರಟಾಗಿರುತ್ತಾಳೆ. ಹೋಗುವುದೊಂದೇ, ಅವಳನ್ನು ಮೇಲಕ್ಕೆ ಕರೆದೊಯ್ಯುವುದು ಬೇಡ ಎಂದು ತನಗೆ ತಾನೇ ಹೇಳಿಕೊಂಡ. ಇಂಜಿನ್ನಿನಲ್ಲಿ ಏನೋ ಸದ್ದು, ಇವತ್ತು ಸುತ್ತು ಬೇಡ ಪುಟ್ಟಿ ಎಂದರಾಯಿತು. ಇದೊಂದು ಭಾನುವಾರ ಕಣ್ತುಂಬ ನೋಡಿ, ಎದುರಿಗೆ ಕೂತು ಹೇಳಿ ಬರುತ್ತೇನೆ. ಫೋನಿನಲ್ಲಿ ಹೇಳುವ ಮಾತೇ ಇದು? ಹೀಗೆ ಒಂದೊಂದೇ ಮೊಳೆ ಹೊಡೆದು ಮನಸ್ಸನ್ನು ಗಟ್ಟಿ ಮಾಡಿಕೊಳ್ಳುತ್ತ ರನ್‌ವೇಯ ತುದಿಗೆ ವಿಮಾನ ತಂದು ನಿಲ್ಲಿಸಿದ.

ಹಾರುವ ಮೊದಲು ಬ್ರೇಕು ಒತ್ತಿ ಹಿಡಿದು ಇಂಜಿನ್ನಿನ ವೇಗ ಏರಿಸಿ, ಮೀಟರಿನ ಮುಳ್ಳು ಅಲುಗದೆ ನಿಲ್ಲುತ್ತದೆಯೇ ಎಂದು ನೋಡಬೇಕು. ಒಂದಿಷ್ಟು ತಡವರಿಸಿದರೂ ವಿಮಾನವನ್ನು ಹಿಂದಕ್ಕೆ ತರಬೇಕು. ಈ ನಿಯಮವನ್ನು ಅವನು ಎಂದೂ ಮೀರಿದವನಲ್ಲ. ಒಮ್ಮೆ ಮಗಳ ಹುಟ್ಟಿದ ದಿನವೇ ಮುಳ್ಳು ನಡುಗಿತೆಂದು ಹೋಗದೆ ಉಳಿದಿದ್ದ. ಈಗ ಇಂಜಿನ್ನು ಒಂದೇ ದನಿಯಲ್ಲಿ ಗುಂಯ್‌ಗುಟ್ಟುತ್ತಿತ್ತು, ಮುಳ್ಳು ಕಲ್ಲಿನ ಹಾಗೆ ನಿಂತಿತ್ತು. ಎಡಗೈಯ ಬೆರಳು ತಾನಾಗಿ ಬಲ ಮಣಿಕಟ್ಟಿಗೆ ಹೋಯಿತು. ಎರಡು ಹತ್ತಿರ, ಒಂದು ದೂರ.

ಈ ಇಂಜಿನ್ನು ಹೀಗೆ ಬಡಿದಿದ್ದರೆ ವಿಮಾನ ಹಾರಿಸುತ್ತಿದ್ದೆನೇ ಎಂದುಕೊಂಡ. ಆಚೆ ದಡದಲ್ಲಿ ರನ್‌ವೇಗೆ ಇಳಿಯುವ ದಾರಿ ಒಂದು ಶಾಲೆಯ ಮೇಲೆ, ಸಾಲು ಮನೆಗಳ ಮೇಲೆ, ಆಮೇಲೆ ಬೇಲಿಯ ಮೇಲೆ ಹಾದುಹೋಗುತ್ತದೆ. ಬೇಲಿಗೆ ಮುಖ ಒತ್ತಿ ನಿಂತವಳ ತಲೆಯ ಮೇಲೆ. ಎದೆ ಅಲ್ಲಿಗೆ ಬಂದಾಗ ನಿಂತರೆ?

ರೇಡಿಯೋದಲ್ಲಿ ಹೊರಡಲು ಅಪ್ಪಣೆಯಾಯಿತು. ಎರಡನೆಯ ಸಲ ಹೇಳಿದಾಗ, ಹಿಂದಿರುಗುತ್ತಿದ್ದೇನೆ ಎಂದ. ಹುಲ್ಲಿನ ಅಂಚಿಗೆ ತಂದು ಇಂಜಿನ್ನು ಆರಿಸಿದ. ರೆಕ್ಕೆಯ ಕೆಳಗೆ ಇಳಿದು ಕೂತು ಅಜ್ಜಿಯ ಫೋನಿಗೆ ಕರೆ ಮಾಡಿದ. ಎತ್ತಿದ್ದು ಮಗಳೇ.

"ಪುಟ್ಟಿ, ಇವತ್ತು ಬರೋಕಾಗಲ್ಲ ಕಣೇ. ನಿಮ್ಮ ಕಡೆ ಗಾಳಿ ಜಾಸ್ತಿ ಇದೆಯಂತೆ."

"ಗಾಳಿನೇ ಇಲ್ಲಪ್ಪ. ಗಾಳಿ ಚೀಲ ಕಂಬಕ್ಕೆ ಜೋತು ಬಿದ್ದಿದೆ. ನೀನೇ ತಾನೇ ಹೇಳಿಕೊಟ್ಟಿದ್ದು ಅದನ್ನ ನೋಡೋದು?"

ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಎದೆ ಬಡಿಯುವುದು ತಪ್ಪುತ್ತಿದೆ, ಸರಿಹೋಗುವ ತನಕ ಹಾರುವಂತಿಲ್ಲ, ಸರಿಹೋಗುತ್ತದೋ ಇಲ್ಲವೋ ಹೇಳುವವರಿಲ್ಲ ಎಂದ. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ಕೆಲಸವಾದರೂ ಇರುತ್ತಿತ್ತು.

"ನೋಯುತ್ತಾ?" ಎಂದಳು.

"ಇಲ್ಲ."

"ಮತ್ತೆ ಯಾವ ಭಾನುವಾರ ಬರ್ತೀಯ?"

"ಗೊತ್ತಿಲ್ಲ ಪುಟ್ಟಿ."

ಫೋನಿನ ಆ ಕಡೆ ದೂರದಲ್ಲಿ ಒಂದು ಸಣ್ಣ ವಿಮಾನದ ಸದ್ದು ಎದ್ದು ಹತ್ತಿರವಾಯಿತು. ಅವಳ ಉಸಿರು ನಿಂತದ್ದು ಅವನಿಗೆ ಕೇಳಿಸಿತು. ಸದ್ದು ಮೇಲಿಂದ ಹಾದು ನೆಲಕ್ಕಿಳಿದು ಆರಿಹೋಯಿತು. "ಅದು ಬೇರೆ ಯಾರದ್ದೋ" ಎಂದಳು. ಸ್ವಲ್ಪ ಹೊತ್ತು ಬೇಲಿ ಹತ್ತಿರವೇ ನಿಂತಿರುತ್ತೇನೆ, ಅಜ್ಜಿಗೆ ನೀನೇ ಹೇಳು ಎಂದು ಫೋನನ್ನು ಕೊಡಲು ನಡೆದಳು. ಕಲ್ಲಿನ ಮೇಲೆ ಅವಳ ಚಪ್ಪಲಿ ಉಜ್ಜುವ ಸದ್ದು ಬರುತ್ತಿತ್ತು. ಈ ಕಡೆ, ಇಂಜಿನ್ನಿಗೆ ಏನೋ ಆಗಿರಬೇಕೆಂದು ಸ್ಪ್ಯಾನರ್ ಹಿಡಿದುಕೊಂಡು, ಮುಪ್ಪಿನ ಕಾಲನ್ನು ಎಳೆಯುತ್ತ ತಾತ ಶೆಡ್ಡಿನಿಂದ ಹುಲ್ಲು ದಾಟಿ ಅವನ ಕಡೆಗೇ ಬರುತ್ತಿದ್ದ.